ತಾರೀಖಿಗೂ ಭಾಷೆಯುಂಟು

ಕೃಷ್ಣೆಯ ನೀರನ್ನು ಮೇಲೆತ್ತಿ ವಿಜಯಪುರ ಸೀಮೆಯ ಒಣಭೂಮಿಗೆ ಹಾಯಿಸುವ ಏತ ನೀರಾವರಿ ಯೋಜನೆಯೊಂದು ಮುಳವಾಡದ ಹೆಸರಿನಲ್ಲಿದೆ. ಕಾಲುವೆಗೆ 07/08ರಂದು ನೀರು ಬಿಡಲಾಗುವುದೆಂಬ ಸಂದೇಶವು ಅಲ್ಲಿಯ ರೈತನೊಬ್ಬನ ಮೊಬೈಲಿಗೆ ಬಂದಿತೆಂದು ಭಾವಿಸೋಣ. ಆತನು ಅದನ್ನು ಆಗಸ್ಟ್ 7 ಎಂದೇ ಓದುವನು. ಸಂದೇಶವನ್ನು ಸಿದ್ಧಗೊಳಿಸಿದ ಗಣಕವು ಅಮೆರಿಕದ ರೂಢಿಯಂತೆ ತಿಂಗಳನ್ನು ಮೊದಲಿಟ್ಟಿದ್ದರೆ, ಅದು ಜುಲೈ 8! ಬಂದು ಹೋದ ನೀರಿಗಾಗಿ ರೈತನು ತಿಂಗಳುಗಟ್ಟಲೆ ಕಾಯಬೇಕಾದೀತು.

ದಿನದ ಅಂಕೆ 12ನ್ನು ಮೀರಿದರೆ ತಪ್ಪು ತಾನಾಗಿಯೇ ಬಯಲಾಗುತ್ತದೆ, 13ನೆಯ ತಿಂಗಳೆಂಬುದಿಲ್ಲವಷ್ಟೆ. ಆದರೆ ಪ್ರತಿ ತಿಂಗಳಿನ ಮೊದಲ 12 ದಿನಗಳನ್ನು ಕೂಡಿಸಿ, ದಿನವೂ ತಿಂಗಳೂ ಒಂದೇ ಅಂಕೆಯಾಗಿರುವ 12 ದಿನಗಳನ್ನು ಕಳೆಯಿರಿ: ವರ್ಷದಲ್ಲಿ 132 ದಿನಗಳು ದ್ವಂದ್ವಾರ್ಥಕ್ಕೆ ಎಡೆಗೊಡುತ್ತವೆ.

ತಾರೀಖನ್ನು ಬರಿಯ ಅಕ್ಷರಗಳ ಸಾಲೆಂದು ಎಣಿಸುವುದೇ ಈ ತೊಡಕಿನ ಮೂಲವೆಂದು ನನ್ನ ಅಭಿಪ್ರಾಯ. ಗಣಕದೊಳಗೆ ಅದು ವರ್ಷ, ತಿಂಗಳು, ದಿನ ಎಂಬ ಒಂದೇ ಕ್ರಮದಲ್ಲಿರಲಿ. 1988ರಲ್ಲಿ ಹೊರಬಂದ ಐಎಸ್ಒ 8601 ಎಂಬ ಅಂತರರಾಷ್ಟ್ರೀಯ ಮಾನಕವು ವಿಧಿಸುವುದೂ ಇದನ್ನೇ. ಓದುಗನಿಗೆ ತೋರಿಸುವಾಗ ಮಾತ್ರ ಅವನ ಭಾಷೆಯ ಉಡುಪನ್ನು ತೊಡಿಸಬೇಕು. ಆ ಉಡುಪನ್ನು ಪ್ರೋಗ್ರಾಮು ಬರೆಯುವವನೇ ಹೊಲಿಯಬೇಕಾಗಿಲ್ಲ. ಯೂನಿಕೋಡ್ ಒಕ್ಕೂಟದ ಸಿಎಲ್‌ಡಿಆರ್ ಎಂಬ ಭಂಡಾರದಲ್ಲಿ ಕನ್ನಡದ ವಾರಗಳ, ತಿಂಗಳುಗಳ ಹೆಸರುಗಳು ಸಿದ್ಧವಾಗಿವೆ. ತಿಂಗಳನ್ನು ಅಂಕೆಯ ಬದಲು ಹೆಸರಿನಿಂದ ತೋರಿಸಿದರೆ ಮೇಲಿನ ರೈತನ ಸಂಶಯವು ಅಲ್ಲಿಗೇ ಪರಿಹಾರವಾಗುತ್ತದೆ.

ಹೆಸರಿನಲ್ಲಿಯೂ ಎಚ್ಚರ ಬೇಕು. ಮೇಘನಾದ ಸಾಹಾ ಅವರ ಅಧ್ಯಕ್ಷತೆಯ ಸಮಿತಿಯ ಶಿಫಾರಸಿನಂತೆ 1957ರ ಮಾರ್ಚ್ 22ರಂದು ಜಾರಿಗೆ ಬಂದ ರಾಷ್ಟ್ರೀಯ ಶಕ ಪಂಚಾಂಗವನ್ನೂ ಗಣಕವು ಬಲ್ಲದು. ಅದರ ಚೈತ್ರವು ಸೂರ್ಯನನ್ನು ಅನುಸರಿಸಿ ಮಾರ್ಚ್ 22ರಂದು, ಅಧಿಕ ವರ್ಷದಲ್ಲಿ 21ರಂದು, ಆರಂಭವಾಗುತ್ತದೆ. ನಮ್ಮ ಯುಗಾದಿಯ ಚೈತ್ರವಾದರೋ ಚಂದ್ರನ ಬೆನ್ನು ಹಿಡಿದದ್ದು. 2024ರಲ್ಲಿ ಮೊದಲನೆಯದು ಮಾರ್ಚ್ 21ಕ್ಕೆ ಬಂದರೆ ಯುಗಾದಿ ಬಂದುದು ಏಪ್ರಿಲ್ 9ಕ್ಕೆ. ಹೆಸರು ಒಂದೇ, ಅಂತರ 19 ದಿನ. ಪರದೆಯ ಮೇಲೆ ‘ಚೈತ್ರ 1’ ಎಂದು ಮೂಡಿದರೆ ಹಳ್ಳಿಯ ಓದುಗನು ಬೇವುಬೆಲ್ಲವನ್ನೇ ನೆನೆಯುವನಲ್ಲವೆ?

ಹೊತ್ತನ್ನು ಸೂಚಿಸುವಲ್ಲಿ ಭಂಡಾರವು ‘ಪೂರ್ವಾಹ್ನ’, ‘ಅಪರಾಹ್ನ’ಗಳನ್ನು ಮುಂದಿಡುತ್ತದೆ. ಶಬ್ದಗಳು ಶುದ್ಧವೇ ಸರಿ. ಆದರೆ ರಾತ್ರಿ 9 ಗಂಟೆಗೆ ಹೊರಡುವ ಬಸ್ಸನ್ನು ‘ಅಪರಾಹ್ನ 9’ರ ಬಸ್ಸೆಂದು ಕರೆಯುವವರನ್ನು ನಾನು ಕಂಡಿಲ್ಲ. ಬೆಳಗ್ಗೆ, ಮಧ್ಯಾಹ್ನ, ಸಂಜೆ, ರಾತ್ರಿ ಎಂಬ ಪದಗಳೂ ಅದೇ ಭಂಡಾರದಲ್ಲಿವೆ. ಪ್ರೋಗ್ರಾಮು ಬರೆಯುವವರು ಅವನ್ನು ಕೇಳಿ ಪಡೆಯಬೇಕು, ಅಷ್ಟೆ. ಅದರ ಪದಗಳನ್ನು ಕುರಿತು ಸಲಹೆ ಕಳುಹಿಸಲು ಸಾರ್ವಜನಿಕರಿಗೂ ಅವಕಾಶವುಂಟು. ವಿಜಯಪುರದ ಕಡೆಯ ‘ಮುಂಜಾನೆ’ಯ ಪರವಾಗಿ ಅಲ್ಲಿಯ ಕಾಲೇಜು ವಿದ್ಯಾರ್ಥಿಗಳೇ ಬರೆಯಬಹುದು.