ಶಾಲು ಹೊದಿಸಿದರೆ ಮುಗಿಯಿತೇ?

ವಿಶ್ವವಿದ್ಯಾಲಯದ ಇತಿಹಾಸಕಾರರೊಬ್ಬರನ್ನು ರಾಷ್ಟ್ರಮಟ್ಟದ ವಿದ್ವತ್ ಸಂಸ್ಥೆಯೊಂದು ಗೌರವ ಸದಸ್ಯರನ್ನಾಗಿ ಆರಿಸಿದರೆ ನಮ್ಮ ಮಠಗಳಲ್ಲೂ ಸತ್ಕಾರ ನಡೆಯುತ್ತದೆ. ಶಾಲು, ಹಾರ, ಫಲಪುಷ್ಪ, ನಂತರ ಪ್ರಸಾದ. ಸಂತೋಷದ ಮಾತೇ. ಆದರೆ ಅವರು ಬರೆದದ್ದನ್ನು ಓದುವವರು ನಮ್ಮಲ್ಲಿ ಎಷ್ಟು ಜನ? ಓದಿ, ಒಪ್ಪಿಗೆಯಾಗದ ಮಾತು ಬಂದರೆ ತಾಳಿಕೊಳ್ಳುವವರು ಎಷ್ಟು ಜನ?

ನೆರೆಯ ಸಿಂದಗಿ ತಾಲೂಕಿನ ಯರಗಲ್ಲಿನವರಾದ ಡಾ. ಎಂ. ಎಂ. ಕಲಬುರ್ಗಿಯವರನ್ನೇ ನೆನೆಯೋಣ. ಕನ್ನಡ ಪ್ರಾಧ್ಯಾಪಕರಾದರೂ ಶಾಸನ, ಹಸ್ತಪ್ರತಿಗಳನ್ನು ಹಿಡಿದು ಇತಿಹಾಸ ಶೋಧಿಸಿದವರು. 'ಮಾರ್ಗ'ದ ನಾಲ್ಕನೆಯ ಸಂಪುಟಕ್ಕೆ 2006ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅದೇ 'ಮಾರ್ಗ'ದ ಮೊದಲ ಸಂಪುಟದಲ್ಲಿ ಶರಣರ ಬಗ್ಗೆ ಬರೆದದ್ದನ್ನು 1989ರಲ್ಲಿ ಒತ್ತಡಕ್ಕೆ ಸಿಲುಕಿ ಹಿಂತೆಗೆದುಕೊಳ್ಳಬೇಕಾಯಿತು. ಆ ಒತ್ತಡ ಬಂದದ್ದು ಹೊರಗಿನವರಿಂದಲ್ಲ, ನಮ್ಮೊಳಗಿನಿಂದ. 2015ರ ಆಗಸ್ಟ್ 30ರಂದು ಧಾರವಾಡದ ಮನೆಯಲ್ಲೇ ಅವರ ಹತ್ಯೆಯಾಯಿತು. ಆಮೇಲೆ ನಾವೆಲ್ಲ ಅವರ ಭಾವಚಿತ್ರಕ್ಕೆ ಹಾರ ಹಾಕಿದೆವು.

ಇದನ್ನು ಬೇರೆಯವರನ್ನು ದೂರಲು ಬರೆಯುತ್ತಿಲ್ಲ. ನನ್ನ ತಪ್ಪೂ ಒಂದಿದೆ. ನಾರಾಯಣಪುರ ಎಡದಂಡೆ ಕಾಲುವೆಯ ಕೆಲಸದಲ್ಲಿದ್ದಾಗ ಶಹಾಪುರ ಕಡೆ ಒಂದು ಮೋರಿ ಕಟ್ಟಿಸುತ್ತಿದ್ದೆ. ಮೇಸ್ತ್ರಿ ಅಕ್ಷರವಿದ್ದ ಕಲ್ಲೊಂದನ್ನು ತೋರಿಸಿ, "ಸಾಹೇಬ್ರ, ಇದನ್ನ ಹಾಕ್ಲೇನ್ರಿ?" ಎಂದ. ಕೆಲಸ ಮುಗಿಸುವ ಗಡಿಬಿಡಿಯಲ್ಲಿ ತಲೆಯಾಡಿಸಿದೆ. ಆ ಕಲ್ಲು ಇಂದಿಗೂ ಮೋರಿಯ ಗೋಡೆಯಲ್ಲಿದೆ, ಅಕ್ಷರ ಒಳಮುಖವಾಗಿ. ಅದರಲ್ಲಿ ಏನಿತ್ತೋ ಇನ್ನು ಯಾರೂ ಓದಲಾರರು.

ಕಾಲುವೆ ತೋಡುವಾಗ ಎಲ್ಲ ಮಟ್ಟವನ್ನೂ ಬೆಂಚ್ ಮಾರ್ಕ್ ಕಲ್ಲಿನಿಂದ ಅಳೆಯುತ್ತೇವೆ. ಅದನ್ನು ಯಾರಾದರೂ ಕಿತ್ತಿಟ್ಟರೆ ನೀರು ಹೋಗಬೇಕಾದ ಕಡೆ ಹೋಗುವುದಿಲ್ಲ. ಇತಿಹಾಸಕ್ಕೆ ಶಾಸನ, ತಾಡೋಲೆಗಳೇ ಬೆಂಚ್ ಮಾರ್ಕ್. ಮಟ್ಟ ನೋಡಿದವನು ಹೇಳಿದ ಅಂಕಿ ನಮಗೆ ಹಿಡಿಸಲಿಲ್ಲವೆಂದು ಅವನನ್ನು ಬೈದರೆ ನೆಲ ಏರುವುದಿಲ್ಲ, ಇಳಿಯುವುದೂ ಇಲ್ಲ.

ಫ. ಗು. ಹಳಕಟ್ಟಿಯವರು 1923ರಲ್ಲಿ 'ವಚನಶಾಸ್ತ್ರ ಸಾರ' ಪ್ರಕಟಿಸಿದರು. ತಾಡೋಲೆಗಳನ್ನು ಜಗಲಿಯ ಮೇಲಿಟ್ಟು ಪೂಜಿಸುತ್ತಿದ್ದ ಮನೆಗಳು ಅವರಿಗೆ ಬಾಗಿಲು ತೆರೆಯದಿದ್ದರೆ ಇಂದು ನಾವು ವಚನ ಹಾಡುವುದು ಎಲ್ಲಿಂದ?

ದೇವರ ದಾಸಿಮಯ್ಯನವರ ಮುದನೂರು, ಭೋಗಣ್ಣನವರ ಕೆಂಭಾವಿ ಸುರಪುರ ಸೀಮೆಯವೇ. ಹಳೆಯ ಗುಡಿಗಳ ಶಿರವಾಳ ಶಹಾಪುರದ ಮಗ್ಗುಲಲ್ಲೇ ಇದೆ. ನಮ್ಮ ಮಠಗಳು ಮೂರು ಕೆಲಸ ಮಾಡಲಿ. ಊರೂರಿನ ಅಕ್ಷರದ ಕಲ್ಲುಗಳ ಪಟ್ಟಿ ಮಾಡಿಸಲಿ. ಪೆಟ್ಟಿಗೆಯಲ್ಲಿರುವ ಕಟ್ಟುಗಳನ್ನು ವಿದ್ವಾಂಸರಿಗೆ ತೆರೆದು, ಫೋಟೊ ತೆಗೆಸಲಿ. ಸಂಶೋಧನೆಯ ಫಲ ಒಪ್ಪಿಗೆಯಾಗದಿದ್ದರೆ ಆಧಾರ ಸಹಿತ ಲೇಖನದಿಂದಲೇ ಉತ್ತರಿಸಲಿ.

ಪ್ರಶ್ನೆ ಕೇಳುವುದನ್ನು ಅನುಭವ ಮಂಟಪದಿಂದ ಕಲಿತವರು ನಾವು. ವಿದ್ವಾಂಸರ ಪ್ರಶ್ನೆಗೆ ಅಂಜದಿರುವುದೇ ಅವರಿಗೆ ನಾವು ಹೊದಿಸುವ ನಿಜವಾದ ಶಾಲು.