ಆ ಆಸಿಡ್ ಯಾಕೆ ಹಾಕಿದೆ?

ಕೆಮಿಸ್ಟ್ರಿ ಸೈಕಲ್‌ನ ಲ್ಯಾಬ್ ಪರೀಕ್ಷೆ. ಪೊಟೆನ್ಶಿಯೋಮೀಟರ್ ಬಳಸಿ, ಡೈಕ್ರೋಮೇಟ್ ದ್ರಾವಣದಿಂದ ಕಬ್ಬಿಣದ ಪ್ರಮಾಣ ಕಂಡುಹಿಡಿಯುವ ಪ್ರಯೋಗ ನನ್ನ ಪಾಲಿಗೆ ಬಂದಿತ್ತು. ಗ್ರಾಫೂ ಚೆನ್ನಾಗೇ ಬಂತು. ವೈವಾದಲ್ಲಿ ಕೇಳಿದ್ದು ಒಂದೇ ಪ್ರಶ್ನೆ: "ಸಲ್ಫ್ಯೂರಿಕ್ ಆಸಿಡ್ ಯಾಕೆ ಹಾಕಿದೆ?"

"ಮ್ಯಾನ್ಯುಯಲ್‌ನಲ್ಲಿದೆ ಸರ್" ಅಂದೆ. ಅವರು ನಕ್ಕು ಮುಂದಿನವನನ್ನು ಕರೆದರು.

ಡೈಕ್ರೋಮೇಟ್ 1.33 ವೋಲ್ಟ್, ಕಬ್ಬಿಣ 0.77 ವೋಲ್ಟ್ ಅಂತ ಪಿಯುಸಿಯಲ್ಲೇ ಬಾಯಿಪಾಠ ಮಾಡಿದವನು ನಾನು. ಆದರೆ ಆ 1.33 ಇರುವುದು ಪಿಎಚ್ ಸೊನ್ನೆ ಇದ್ದಾಗ ಮಾತ್ರ ಅನ್ನೋದು ಹೊಳೆದೇ ಇರಲಿಲ್ಲ.

ಸಮೀಕರಣ ನೋಡಿ. ಒಂದು ಡೈಕ್ರೋಮೇಟ್ ಅಯಾನು 6 ಎಲೆಕ್ಟ್ರಾನ್ ಪಡೆಯುವಾಗ 14 ಹೈಡ್ರೋಜನ್ ಅಯಾನುಗಳೂ ಬೇಕು. ನರ್ನ್‌ಸ್ಟ್ ಸಮೀಕರಣದ ಪ್ರಕಾರ 25 ಡಿಗ್ರಿಯಲ್ಲಿ ಪಿಎಚ್ ಒಂದು ಹೆಚ್ಚಿದರೆ ವಿಭವ 0.059ರ 14/6 ಪಟ್ಟು, ಅಂದರೆ ಸುಮಾರು 0.138 ವೋಲ್ಟ್ ಇಳಿಯುತ್ತದೆ. ಉಳಿದ ಸಾಂದ್ರತೆಗಳು ಹಾಗೇ ಇದ್ದರೆ ಪಿಎಚ್ 4ಕ್ಕೆ ಬರುವಷ್ಟರಲ್ಲಿ 0.78! ಕಬ್ಬಿಣದ ಅರ್ಧ ಸಮೀಕರಣದಲ್ಲಿ ಹೈಡ್ರೋಜನ್ ಅಯಾನೇ ಇಲ್ಲ, ಹಾಗಾಗಿ ಲೆಕ್ಕದಲ್ಲಿ ಅದು 0.77ರಲ್ಲೇ ಇರುತ್ತದೆ. ಅರ್ಧ ವೋಲ್ಟಿಗೂ ಹೆಚ್ಚಿದ್ದ ಅಂತರ ಹೆಚ್ಚುಕಮ್ಮಿ ಮಾಯ. ನಾವು ಆಸಿಡ್ಡನ್ನು ಒಗ್ಗರಣೆ ಅಂದುಕೊಂಡಿದ್ದೆವು, ಸಾರಿನ ಬೇಳೆಯೇ ಅದು.

ಇದು ಕೆಮಿಸ್ಟ್ರಿಯವರ ತಲೆನೋವು ಅಂತ ಸಿವಿಲ್ ಗೆಳೆಯರು ಪುಟ ತಿರುಗಿಸಬೇಡಿ. ಕಾಂಕ್ರೀಟಿನೊಳಗಿನ ಕಂಬಿ ತುಕ್ಕು ಹಿಡಿಯದೆ ಇರುವುದೂ ಪಿಎಚ್ ಕೃಪೆಯಿಂದಲೇ. ಒಳಗಿನ ಪಿಎಚ್ 12ರ ಮೇಲಿರುವಷ್ಟು ಕಾಲ ಕಂಬಿಯ ಮೇಲೆ ತೆಳುವಾದ ಆಕ್ಸೈಡ್ ಪದರ ಕಾವಲಿರುತ್ತದೆ. ಗಾಳಿಯ ಇಂಗಾಲದ ಡೈಆಕ್ಸೈಡ್ ಒಳಗಿಳಿದು ಪಿಎಚ್ 9ರ ಕೆಳಗಿಳಿಸಿದರೆ ಆ ಕಾವಲು ಹೋಯಿತು. ಬೆಲ್ಜಿಯಂನ ಮಾರ್ಸೆಲ್ ಪೂರ್ಬೆ ಒಂದು ಅಕ್ಷದಲ್ಲಿ ಪಿಎಚ್, ಇನ್ನೊಂದರಲ್ಲಿ ವಿಭವ ಇಟ್ಟು ನಕ್ಷೆ ಬರೆದದ್ದು ಇಂಥದ್ದನ್ನೇ ಒಂದು ನೋಟಕ್ಕೆ ತೋರಿಸಲು. ಆ ನಕ್ಷೆ ನಮ್ಮ ಲ್ಯಾಬ್ ಗೋಡೆಯ ಮೇಲೆ ಯಾಕಿಲ್ಲ?

ನನ್ನ ಬೇಡಿಕೆ ದೊಡ್ಡದೇನಲ್ಲ. ಅದೇ ಪ್ರಯೋಗವನ್ನು ಒಮ್ಮೆ ಆಸಿಡ್ ಹಾಕಿ, ಒಮ್ಮೆ ಹಾಕದೆ ಮಾಡಲು ಬಿಡಿ. ಎರಡನೆಯ ಗ್ರಾಫ್ ಹಾಳಾಗಲಿ, ಪರವಾಗಿಲ್ಲ. ಯಾಕೆ ಹಾಳಾಯ್ತು ಅಂತ ಬರೆದವರಿಗೆ ಮಾರ್ಕ್ಸ್ ಕೊಡಿ. ಈಗ ಮಾರ್ಕ್ಸ್ ಸಿಗುತ್ತಿರುವುದು ಸಂಖ್ಯೆ ನೆನಪಿಟ್ಟವರಿಗೆ. ಆ ಸಂಖ್ಯೆ ಯಾವಾಗ ಸುಳ್ಳಾಗುತ್ತದೆ ಅಂತ ಯಾರೂ ಕೇಳುತ್ತಿಲ್ಲ.

ಜೂನಿಯರ್‌ಗಳೇ, ಮುಂದಿನ ಸಲ ಆಸಿಡ್ ಸುರಿಯುವ ಮುಂಚೆ ಸಮೀಕರಣದಲ್ಲಿರುವ ಹೈಡ್ರೋಜನ್ ಅಯಾನುಗಳನ್ನು ಒಮ್ಮೆ ಎಣಿಸಿ. ನನಗೆ ಸಿಕ್ಕ ಆ ನಗು ನಿಮಗೆ ಸಿಗದಿರಲಿ.