ವಿಹಾರ ನೌಕೆಯ ದುಡಿಮೆಗೂ ಕಾನೂನು ಬೇಕು

ಬೇಸಿಗೆಯಲ್ಲಿ ಮೆಡಿಟರೇನಿಯನ್, ಚಳಿಗಾಲದಲ್ಲಿ ಕೆರಿಬಿಯನ್: ಕೋಟ್ಯಧೀಶರ ಅನೇಕ ವಿಹಾರ ನೌಕೆಗಳ ವಾರ್ಷಿಕ ಸಂಚಾರವಿದು. ಅವುಗಳಲ್ಲಿ ದುಡಿಯುವವರಿಗೆ ವೇತನದೊಂದಿಗೆ ಊಟ, ವಸತಿ ಉಚಿತ. ಬಾಡಿಗೆ ನೌಕೆಯಾದರೆ ಅತಿಥಿಗಳ ಇನಾಮೂ ಉಂಟು. ದಡದಲ್ಲಿ ನಿಂತು ನೋಡುವವರಿಗೆ ಇದು ಅಸೂಯೆ ಹುಟ್ಟಿಸುವ ಉದ್ಯೋಗ.

ಆದರೆ ಇನಾಮು ಹಕ್ಕಲ್ಲ. ಕಾಯಿಲೆ ಬಿದ್ದಾಗ, ಮಾಲೀಕ ಕೈಚೆಲ್ಲಿದಾಗ ನೌಕರನಿಗೆ ಆಸರೆಯಾಗಬೇಕಾದದ್ದು ಕಾನೂನು. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 2006ರ ಸಾಗರ ಕಾರ್ಮಿಕ ಒಡಂಬಡಿಕೆ 2013ರಲ್ಲಿ ಜಾರಿಗೆ ಬಂದಿತು. ಭಾರತ 2015ರಲ್ಲಿ ಅದನ್ನು ಅನುಮೋದಿಸಿತು. ಪ್ರತಿ ತಿಂಗಳೂ ತಪ್ಪದೆ ವೇತನ, ತಿಂಗಳ ಸೇವೆಗೆ ಎರಡೂವರೆ ದಿನ ಸಂಬಳಸಹಿತ ರಜೆ, ಸ್ವದೇಶಕ್ಕೆ ಮರಳುವ ವೆಚ್ಚ ಅದರ ಕೊಡುಗೆ. ಕೈಬಿಡಲ್ಪಟ್ಟ ನಾವಿಕರ ನಾಲ್ಕು ತಿಂಗಳವರೆಗಿನ ಬಾಕಿ ವೇತನಕ್ಕೆ 2017ರಿಂದ ಆರ್ಥಿಕ ಭದ್ರತೆಯೂ ಕಡ್ಡಾಯ.

ತೊಡಕಿರುವುದು ವ್ಯಾಪ್ತಿಯಲ್ಲಿ. ಒಡಂಬಡಿಕೆ ಅನ್ವಯಿಸುವುದು ವಾಣಿಜ್ಯ ಚಟುವಟಿಕೆಯಲ್ಲಿ ತೊಡಗಿದ ಹಡಗುಗಳಿಗೆ. ಮಾಲೀಕನ ಸ್ವಂತ ವಿಹಾರಕ್ಕಷ್ಟೇ ಮೀಸಲಾದ ನೌಕೆಯಲ್ಲಿ ಅದೇ ಕೆಲಸ ಮಾಡುವವನು ಮುಖ್ಯವಾಗಿ ಬಾವುಟದ ದೇಶದ ಕಾನೂನನ್ನೂ ಕರಾರುಪತ್ರವನ್ನೂ ನಂಬಬೇಕು. ಆ ಬಾವುಟವನ್ನು ಆರಿಸುವವನೂ ಮಾಲೀಕನೇ.

ಖಾಸಗಿ ನೌಕೆ ಮನೆಯಿದ್ದಂತೆ, ಅಲ್ಲಿ ಸರ್ಕಾರಕ್ಕೇನು ಕೆಲಸ ಎಂಬ ವಾದವಿದೆ. ಮನೆಗೆಲಸದವರ ಹಕ್ಕುಗಳಿಗೆಂದೇ ಅದೇ ಸಂಘಟನೆ 2011ರಲ್ಲಿ ಪ್ರತ್ಯೇಕ ಒಡಂಬಡಿಕೆಯನ್ನು ಅಂಗೀಕರಿಸಿದೆ. ಅಲ್ಲದೆ, ಮನೆಗೆಲಸದವರು ಬೇಸತ್ತರೆ ಗೇಟು ದಾಟಿ ಹೊರಡಬಹುದು, ನಡುಗಡಲಿನಲ್ಲಿ ಗೇಟೆಲ್ಲಿದೆ? ನೋಂದಣಿ ಶುಲ್ಕ ಪಡೆಯುವ ರಾಷ್ಟ್ರಗಳು ವೇತನ, ರಜೆ, ಮರುಪ್ರಯಾಣದ ಖಾತರಿಯನ್ನು ಖಾಸಗಿ ನೌಕೆಗಳಿಗೂ ನೋಂದಣಿಯ ಷರತ್ತಾಗಿಸಬೇಕು. ನೌಕೆಯನ್ನು ಕೊಳ್ಳಬಲ್ಲವರಿಗೆ ಈ ವೆಚ್ಚ ಭಾರವಾಗದು.